ಮಡಿಲಕ್ಕಿ ಕಟ್ಟಿಕೊಂಡು ಓಡಿದ ಟ್ರಯಥ್ಲಾನ್

ಆ ಭಾನುವಾರವೂ ಎಂದಿನಂತೆ ಹಾಲು ಉಕ್ಕುವುದಕ್ಕೆ ಒಂದು ಗಳಿಗೆ ಮುಂಚೆ ನನಗೆ ಅದರ ನೆನಪಾಯಿತು. ಓಡಿ ಬಂದು ಒಲೆ ಆರಿಸಿದೆ. ಬಾಗಿಲಿಗೆ ನೀರು ಹಾಕುವ ಕೆಲಸವನ್ನು ರಾತ್ರಿಯಿಂದಲೂ ಮಳೆಯೇ ವಹಿಸಿಕೊಂಡಿತ್ತು. ರಂಗೋಲಿ ಬಿಡಲು ಕೂತರೆ ಮೂರನೆಯ ಎಳೆ ಎಳೆಯುವಷ್ಟರಲ್ಲಿ ಮೊದಲನೆಯದು ಚರಂಡಿ ಸೇರುತ್ತಿತ್ತು. ಕೊನೆಗೆ ಹೊಸಿಲಿನ ಮೇಲೆ ಎರಡು ಗೆರೆ ಎಳೆದು ಎದ್ದೆ. ಯಜಮಾನರಿಗೆ ಉಪ್ಪಿಟ್ಟು ಮಾಡಿ ಡಬ್ಬಿಗೆ ಹಾಕಿದೆ. ಸಂಜೆಯ ಸಾರಿಗೆ ಹುರುಳಿಕಾಯಿ ಸೋಸಿ ಫ್ರಿಜ್ಜಿನಲ್ಲಿಟ್ಟೆ. ನಲ್ಲಿಯಲ್ಲಿ ನೀರು ಬಂದಿತ್ತು, ಬಿಡುವುದುಂಟೇ? ಡ್ರಮ್ಮು ತುಂಬಿಸಿದೆ. ತುಳಸಿಗೆ ಕೈ ಮುಗಿದೆ. ಆಮೇಲೆ ಟ್ರಯಥ್ಲಾನಿಗೆ ಹೊರಟೆ.

ಓದುಗರು ಗಾಬರಿಯಾಗಬಾರದು. ನಾನೂ ಆ ಪದ ಕೇಳಿದ್ದು ನಮ್ಮ ಬೆಳಗಿನ ವಾಕಿಂಗ್ ಗುಂಪಿನ ವಾಟ್ಸಾಪಿನಲ್ಲಿ. ಮೊದಲು ಕೆರೆಯಲ್ಲಿ ಸುಮಾರು ಎರಡು ಕಿಲೋಮೀಟರು ಈಜಬೇಕು. ದಡ ಹತ್ತಿ ತೊಂಬತ್ತು ಕಿಲೋಮೀಟರು ಸೈಕಲ್ಲು ತುಳಿಯಬೇಕು. ಸೈಕಲ್ಲಿನಿಂದ ಇಳಿದು ಇಪ್ಪತ್ತೊಂದು ಕಿಲೋಮೀಟರು ಓಡಬೇಕು. ಇಷ್ಟನ್ನೂ ಒಂದೇ ದಿನ, ಒಬ್ಬರೇ, ಯಾರೂ ಒತ್ತಾಯ ಮಾಡದೆ ಮಾಡಬೇಕು! ಸಂಜೆ ನಾಲ್ಕರೊಳಗೆ ಮುಗಿಸಿದರೆ ಮುಗಿಸಿದವರು. ಆಮೇಲೆ ಬಂದರೆ ಬಾರದವರು. ಇದಕ್ಕೆ ಅವರು ಇಟ್ಟಿರುವ ಹೆಸರು 'ಮಧ್ಯಮ ದೂರದ ಸ್ಪರ್ಧೆ'. ಪೂರ್ತಿ ದೂರದ್ದು ಇದರ ಎರಡರಷ್ಟಂತೆ.

"ಅಂದ್ರೆ ಇದೂ ಅರ್ಧದ್ದೇ! ನಿನಗೆ ಸರಿಯಾಗಿದೆ ಬಿಡು" ಎಂದಿದ್ದರು ಯಜಮಾನರು.

ಈ ಮಾತಿನ ಹಿಂದೆ ಇಪ್ಪತ್ತು ವರ್ಷದ ಸಂಸಾರವಿದೆ. ಮದುವೆಯಾದ ಹೊಸತರಲ್ಲಿ ಟೈಲರಿಂಗ್ ಕ್ಲಾಸಿಗೆ ಸೇರಿದ್ದೆ. ಅಲ್ಲಿ ಹೊಲಿದ ಒಂದೇ ತೋಳಿನ ರವಿಕೆ ಬೀರುವಿನಲ್ಲಿ ಈಗಲೂ ಇದೆ. ಹಿಂದಿ ಪರೀಕ್ಷೆಗೆ ಕಟ್ಟಿ ಎರಡನೆಯ ಪತ್ರಿಕೆಯ ದಿನ ಮೈಗ್ರೇನ್ ತರಿಸಿಕೊಂಡೆ. ಟಿವಿಗೆಂದು ಕ್ರೋಶಾದಲ್ಲಿ ಹೆಣೆಯಲು ಶುರುಮಾಡಿದ ಹೊದಿಕೆ ಅರ್ಧಕ್ಕೆ ಬರುವಷ್ಟರಲ್ಲಿ ಟಿವಿಗಳೇ ಚಪ್ಪಟೆಯಾಗಿಬಿಟ್ಟವು. ನೆಂಟರಿಷ್ಟರಲ್ಲಿ ನನಗೆ 'ಅರ್ಧಂಬರ್ಧ ಸುಮಾ' ಎಂಬ ಬಿರುದು ಇದೆಯೆಂದು ಯಜಮಾನರೇ ಒಮ್ಮೆ ಬಾಯಿ ತಪ್ಪಿ ಹೇಳಿದ್ದರು. ಆದ್ದರಿಂದ ಈ ಸಲ ದೇವರ ಮುಂದೆ ನಿಂತು ಸಂಕಲ್ಪ ಮಾಡಿದ್ದೆ: ಬಿದ್ದರೂ ಸರಿ, ಎದ್ದರೂ ಸರಿ, ಮುಗಿಸಿಯೇ ತೀರುತ್ತೇನೆ!

ತಯಾರಿಯಲ್ಲಿ ನಾನೇನೂ ಕಡಿಮೆ ಮಾಡಿರಲಿಲ್ಲ. ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ಲಿನಲ್ಲಿ ಊರು ಏಳುವ ಮೊದಲೇ ಎಷ್ಟೋ ದಿನ ಮದ್ದೂರಿನವರೆಗೆ ಹೋಗಿ ಬಂದಿದ್ದೆ. ಸ್ಟೇಡಿಯಮ್ಮಿನಲ್ಲಿ ಸುತ್ತಿ ಸುತ್ತಿ ಅಲ್ಲಿನ ನಾಯಿಗಳು ನನ್ನನ್ನು ನೋಡಿ ಬೊಗಳುವುದನ್ನು ಬಿಟ್ಟಿದ್ದವು. ಈಜನ್ನಂತೂ ಹೊಸದಾಗಿ ಕಲಿಯುವ ಅಗತ್ಯವೇ ಇರಲಿಲ್ಲ. ಚಿಕ್ಕಂದಿನ ಬೇಸಿಗೆ ರಜೆಯಲ್ಲಿ ಬೆಸಗರಹಳ್ಳಿಯ ದೊಡ್ಡಮ್ಮ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ನೂಕಿ ಕಲಿಸಿದ ಈಜು ಅದು. ಮೈಮರೆತರೂ ಕೈಕಾಲು ಮರೆಯುವುದಿಲ್ಲ.

ಸೈಕಲ್ಲಿನ ದಾರಿ ಮಳವಳ್ಳಿಯಿಂದ ಬೆಳಕವಾಡಿಗೆ ಹೋಗಿ ತಿರುಗಿ ಬಂದು, ಮದ್ದೂರಿಗೆ ಹೋಗಿ, ಅಲ್ಲಿಂದ ಬೆಸಗರಹಳ್ಳಿಯನ್ನು ಮುಟ್ಟಿ ವಾಪಸಾಗಿ, ನಮ್ಮೂರು ಮಂಡ್ಯ ಸೇರುವುದೆಂದು ತಿಳಿದಾಗ ನಾನು ಒಂದು ತಪ್ಪು ಮಾಡಿದೆ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಸಭ್ಯತೆ ನನ್ನಿಂದ ಹೋಗುವುದಿಲ್ಲ. ಪರಿಚಯದವರ ಬಾಗಿಲ ಮುಂದೆ ಹಾದುಹೋಗುವಾಗ ಮೊದಲೇ ತಿಳಿಸಬೇಕಲ್ಲವೇ?

"ದೊಡ್ಡಮ್ಮ, ಭಾನುವಾರ ನಿಮ್ಮೂರ ಮೇಲೆ ಬರ್ತಾ ಇದ್ದೀನಿ."

"ಬಾ ಕಣಮ್ಮಿ. ವರ್ಸ ಆಯ್ತು ನಿನ್ ಮೊಕ ನೋಡಿ."

"ನಿಲ್ಲೋಕಾಗಲ್ಲ ದೊಡ್ಡಮ್ಮ. ಸೈಕಲ್ ರೇಸು. ನೀವು ರೋಡಿಗೆ ಬಂದು ಕೈ ಬೀಸಿದ್ರೆ ಸಾಕು."

"ಊಂ ಊಂ. ಬಾ ಬಾ."

ನಮ್ಮ ಕಡೆ ಈ 'ಊಂ ಊಂ' ಎಂದರೆ ನೀನು ಹೇಳಿದ್ದು ತಿಳಿಯಿತು ಎಂದಲ್ಲ. ಯಾವ ಕೋಳಿ ಕುಯ್ಯಲಿ ಎಂದು ಯೋಚಿಸುತ್ತಿದ್ದೇನೆ ಎಂದರ್ಥ. ಇದು ಗೊತ್ತಿದ್ದೂ ನಾನು ಫೋನ್ ಇಟ್ಟು ನೆಮ್ಮದಿಯಾಗಿ ಮಲಗಿದೆ!

ಕೆರೆಯ ದಡದಲ್ಲಿ ಮಳೆ ಹನಿಯುತ್ತಲೇ ಇತ್ತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಪೇಪರಿನಲ್ಲಿ ಬಂದಿತ್ತು. ಅಲ್ಲಿ ಏನು ಕುಸಿದರೂ ಮಳವಳ್ಳಿಯಲ್ಲಿ ನಾನೇಕೆ ನಡುಗಬೇಕೋ ತಿಳಿಯದು. ನಡುಗಿದೆ. ಮೈಗಂಟಿದ ಕಪ್ಪು ಈಜುಡುಗೆಯ ಮೇಲೆ ಯಜಮಾನರ ಶಾಲು ಹೊದ್ದು ನಿಂತಿದ್ದೆ. ಅವರು ಕೊಡೆ ಹಿಡಿದು, "ನೆನೀಬೇಡ ಕಣೆ, ನೆಗಡಿಯಾಗುತ್ತೆ" ಎಂದರು. ನಾನು ಕೆರೆಗೆ ಹಾರುವವಳಿದ್ದೆ!

ಸೀಟಿ ಊದಿದ್ದೇ ತಡ ಎಲ್ಲರೂ ಎಮ್ಮೆಗಳ ಮಂದೆಯಂತೆ ನೀರಿಗೆ ನುಗ್ಗಿದರು. "ಆಫ್ಟರ್ ಯೂ" ಎನ್ನುತ್ತ ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಸಿಸ್ಟರುಗಳ ಶಿಕ್ಷಣ! ಎಲ್ಲರಿಗೂ ದಾರಿ ಬಿಟ್ಟು ಮುಗಿಸುವಷ್ಟರಲ್ಲಿ ದಡದಲ್ಲಿ ನಾನು ಮತ್ತು ಸೀಟಿ ಊದಿದವರು ಮಾತ್ರ ಉಳಿದಿದ್ದೆವು. "ನೀವು ಹೋಗಲ್ವಾ ಮೇಡಂ?" ಎಂದು ಅವರು ಕೇಳಿದರು. ಹೋದೆ. ನೀರೊಳಗೆ ಯಾರದೋ ಹಿಮ್ಮಡಿ ನನ್ನ ಮೂಗಿಗೆ ಬಡಿಯಿತು. "ಸಾರಿ" ಎಂದೆ. ಹೇಳಲು ಬಾಯಿ ತೆರೆದಿದ್ದರಿಂದ ಮಳವಳ್ಳಿ ಕೆರೆಯ ರುಚಿಯೂ ತಿಳಿಯಿತು. ಆದರೂ ದೊಡ್ಡಮ್ಮನ ಈಜು ಕೈಬಿಡಲಿಲ್ಲ. ಕಡೆಯಿಂದ ಮೂರನೆಯವಳಾಗಿ ದಡ ಹತ್ತಿದೆ. ಕಡೆಯಿಂದ ಮೂರು! ಒಂದೇ ತೋಳಿನ ರವಿಕೆಯವಳಿಗೆ ಇದು ಸಾಮಾನ್ಯವೇ?

ಸೈಕಲ್ಲು ಹತ್ತಿದ ಮೇಲೆ ಮಳೆ ಜೋರಾಯಿತು. ಚಕ್ರದಿಂದ ಸಿಡಿದ ಕೆಸರು ಬೆನ್ನಿನ ಮೇಲೆ ಉದ್ದಕ್ಕೆ ತೇಯ್ದ ಗಂಧದಂತೆ ಬಳಿದುಕೊಂಡಿತು. ಬೆಳಕವಾಡಿಯಲ್ಲಿ ತಿರುಗುವ ಜಾಗದಲ್ಲಿ ಯಜಮಾನರ ಅಕ್ಕ ಫ್ಲಾಸ್ಕು ಹಿಡಿದು ನಿಂತಿದ್ದರು. ನನ್ನ ದಾರಿಯ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಹೊರಗಿನವರಿಂದ ಏನನ್ನೂ ತೆಗೆದುಕೊಳ್ಳಬಾರದು, ತೆಗೆದುಕೊಂಡರೆ ಸ್ಪರ್ಧೆಯಿಂದ ಔಟು ಎಂದು ಸ್ಪರ್ಧೆ ನಡೆಸುವವರು ಹಿಂದಿನ ದಿನವೇ ನಿಯಮ ಓದಿ ಹೇಳಿದ್ದರು. ನಾನು ಇದನ್ನು ವಿವರಿಸಿದೆ.

"ನಾನು ಒರಗಿನೋಳಾ?" ಎಂದರು ಅತ್ತಿಗೆ.

ಕುಡಿದೆ. ನಿಂತೇ ಕುಡಿದೆ. ಒಂದು ಲೋಟ ಕಾಫಿಯಲ್ಲಿ ನೆಂಟಸ್ತನವನ್ನೂ ರೇಸನ್ನೂ ಉಳಿಸಿಕೊಂಡೆನಲ್ಲ ಎಂದು ಮದ್ದೂರಿನವರೆಗೂ ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು ತುಳಿದೆ. ಶಿಂಷಾ ಸೇತುವೆಯ ಹತ್ತಿರ ಒಬ್ಬರನ್ನು ಹಿಂದೆ ಹಾಕಿದೆ. ಅವರು ಪಂಕ್ಚರ್ ಹಾಕಿಸುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಲೇಬೇಕೆಂದೇನೂ ಇಲ್ಲ.

ಬೆಸಗರಹಳ್ಳಿ ಬಂತು. ದೊಡ್ಡಮ್ಮ ರಸ್ತೆಯಲ್ಲಿದ್ದರು. ರಸ್ತೆಯ ಬದಿಯಲ್ಲಲ್ಲ, ನಟ್ಟನಡುವೆ! ಗೋಣಿಚೀಲವನ್ನು ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು, ಎರಡೂ ಕೈ ಅಗಲಿಸಿ ನಿಂತಿದ್ದರು. ಬ್ರೇಕು ಒತ್ತದಿದ್ದರೆ ಎಪ್ಪತ್ತು ದಾಟಿದ ಹಿರಿಯರಿಗೆ ಸೈಕಲ್ಲು ಗುದ್ದಿಸಿದ ಕೀರ್ತಿ ನನ್ನದಾಗುತ್ತಿತ್ತು. ಒತ್ತಿದೆ.

"ದೊಡ್ಡಮ್ಮ, ಕೈ ಬೀಸಿ ಅಂದಿದ್ದೆ."

"ಬೀಸ್ದೆ ಕಣಮ್ಮಿ. ನೀನ್ ನಿಂತ್ಕೊಂಡೆ. ನಡಿ ಒಳೀಕೆ."

"ರೇಸು ದೊಡ್ಡಮ್ಮ! ಟೈಮ್ ಆಗೋಗುತ್ತೆ!"

"ಮನೆಮುಂದ್ಕೆ ಬಂದ್ ಎಣ್ಮಗ್ಳು ಅರಿಸ್ನ ಕುಂಕ್ಮ ಇಲ್ದೆ ಓದ್ರೆ ಊರ್ನೋರು ನನ್ ಮೊಕಕ್ಕೆ ಏನಂದಾರು? ಒಂದ್ ಗಳ್ಗೆ. ಕುಂಕ್ಮ ಇಟ್ಕೊ, ಓಗು."

ಕುಂಕುಮಕ್ಕೆ ಎಷ್ಟು ಹೊತ್ತು ಬೇಕು? ಹೆಬ್ಬೆರಳಿನಷ್ಟು ಕೆಲಸ. ಒಳಗೆ ಹೋದೆ. ದೊಡ್ಡಮ್ಮ ತಟ್ಟೆ ತಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು.

"ಇದೇನಮ್ಮಿ, ಒಳೀಕ್ ಆಕ್ಕಳದ್ನ ಮ್ಯಾಲಾಕ್ಕಂಡ್ ಬಂದಿದ್ದೀಯ? ಅದೂ ಒದ್ದೆ! ಒದ್ದೆ ಬಟ್ಟೇಲಿ ಮುತ್ತೈದೆ ಕುಂಕ್ಮ ತಗಂಡಾಳಾ? ಬಿಚ್ಚು ಬಿಚ್ಚು. ಒಲೆಮುಂದ್ಕೆ ಆಕಿದ್ರೆ ಚಣದಲ್ಲಿ ಒಣೀಕತ್ತದೆ."

ನಾನು ಬೇಡ ಎಂದದ್ದಕ್ಕೆ ಸಾಕ್ಷಿಗಳಿದ್ದಾರೆ. ಆದರೆ ಎರಡು ನಿಮಿಷದಲ್ಲಿ ನಾನು ಅವರ ಸೊಸೆಯ ಲೆಗ್ಗಿಂಗು ಮತ್ತು ನೈಟಿಯಲ್ಲಿದ್ದೆ. ನೈಟಿಯ ತುಂಬ ಊಟದ ತಟ್ಟೆಯಷ್ಟಗಲದ ಸೂರ್ಯಕಾಂತಿ ಹೂವು. ನನ್ನ ಉಡುಪು ಹಿತ್ತಲಿನ ಸೌದೆ ಒಲೆಯ ಮೇಲಿನ ಗಳುವಿನಲ್ಲಿ ಹೊಗೆ ಕುಡಿಯುತ್ತ ನೇತಾಡುತ್ತಿತ್ತು. ಅದೇ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿತ್ತು.

"ಬಟ್ಟೆ ಒಣಗೋಗಂಟ ಸುಮ್ಕೆ ಕುಂತ್ಕಂಡ್ರೆ ಆಯ್ತದಾ? ಒಂದ್ ಮುದ್ದೆ ಉಣ್ಣು."

ಆಗ ಹೊರಗೆ ಬೈಕಿನ ಸದ್ದಾಯಿತು. ರೇಸಿನ ಮೇಲ್ವಿಚಾರಕರು! ಹಳದಿ ರೈನ್‌ಕೋಟು, ಕೊರಳಲ್ಲಿ ಸೀಟಿ, ಕೈಯಲ್ಲಿ ವಾಕಿಟಾಕಿ. ತಿರುಗುವ ಜಾಗಕ್ಕೆ ನನ್ನ ನಂಬರು ಬರಲೇ ಇಲ್ಲವೆಂದು ಹುಡುಕುತ್ತ ಹೊರಟವರು ಜಗಲಿಗೆ ಒರಗಿಸಿದ್ದ ಸೈಕಲ್ಲನ್ನು ಕಂಡು ಇಳಿದಿದ್ದರು. ಬಾಗಿಲಲ್ಲಿ ನಿಂತು ನೋಡಿದರು. ಸ್ಪರ್ಧಿಯೊಬ್ಬಳು ಸೂರ್ಯಕಾಂತಿ ನೈಟಿಯಲ್ಲಿ ಚಕ್ಕಂಬಕ್ಕಲ ಹಾಕಿ ಕೂತು ಮುದ್ದೆ ಮುರಿಯುತ್ತಿದ್ದಳು.

"ಮೇಡಂ," ಎಂದರು ಗಂಭೀರವಾಗಿ, "ಹೊರಗಿನ ಸಹಾಯ ತಗೊಂಡ್ರೆ ನಿಯಮದ ಪ್ರಕಾರ..."

ಇಷ್ಟು ತಿಂಗಳ ಬೆವರು ಒಂದು ಮುದ್ದೆಯಲ್ಲಿ ಮುಳುಗಿಹೋಯಿತಲ್ಲ! ಕಣ್ಣಲ್ಲಿ ನೀರು ಬಂತು. ಸಾರಿನ ಖಾರವೂ ಇತ್ತೆನ್ನಿ.

"ಯಾವೂರಪ್ಪ ನಿಂದು?" ಎಂದರು ದೊಡ್ಡಮ್ಮ.

"ಕೊಪ್ಪದ ಹತ್ರ ಅಮ್ಮ. ಆದ್ರೆ ಈ ನಿಯಮ..."

"ಮಳೇಲಿ ನೆನ್ಕಂಡ್ ಬಂದಿದ್ದೀಯ. ಬೆಳಗ್ಗಿಂದ ಏನಾರ ತಿಂದಿದ್ದೀಯೇನಪ್ಪ?"

ಮೇಲ್ವಿಚಾರಕರು ಉತ್ತರ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೋಳಿ ಸಾರಿನ ಒಗ್ಗರಣೆಯ ಘಮ ಬೀಸಿತು. ಬಾಯಿ ತೆರೆದೇ ಉಳಿಯಿತು. ಕಾನೂನು ಬೂಟು ಬಿಚ್ಚಿ ಒಳಗೆ ಬಂತು. ಎರಡನೆಯ ಮುದ್ದೆಯ ಹೊತ್ತಿಗೆ ವಾಕಿಟಾಕಿಯಲ್ಲಿ ಯಾರೋ ಕೂಗಿ ಕೇಳಿದರು. ಅವರು ಎಡಗೈಯಲ್ಲಿ ಅದನ್ನೆತ್ತಿಕೊಂಡು, "ಸಿಕ್ಕಿದ್ರು ಸಾ. ಸ್ವಲ್ಪ ಮೆಕ್ಯಾನಿಕಲ್ ಪ್ರಾಬ್ಲಮ್ಮು. ಈಗ ಹೊರಡ್ತಾರೆ" ಎಂದರು.

ಹೊರಡಲು ಎದ್ದೆ. ಹಿತ್ತಲಿನಿಂದ ಬೇರೊಂದು ವಾಸನೆ ಬಂತು. ಇದು ಕೋಳಿಯದ್ದಾಗಿರಲಿಲ್ಲ!

ಗಳುವಿನ ಮೇಲೆ ನನ್ನ ಉಡುಪು ಸುಟ್ಟ ಹಪ್ಪಳದಂತೆ ಮುದುರಿಕೊಂಡಿತ್ತು. ಬಿಡಿಸಿ ನೋಡಿದರೆ ಹಿಂಭಾಗದಲ್ಲಿ, ಎಲ್ಲಿ ಇರಬಾರದೋ ಅಲ್ಲಿಯೇ, ಅಂಗೈಯಗಲದ ಕಿಟಕಿ.

"ಅಯ್ಯೋ, ನೈಲಾನ್ ಬಟ್ಟೆ ತಗಬಾರ್ದು ಕಣಮ್ಮಿ" ಎಂದರು ದೊಡ್ಡಮ್ಮ, ಅಂಗಡಿಯಲ್ಲಿ ನಾನು ಮೋಸ ಹೋದೆನೆಂಬ ದನಿಯಲ್ಲಿ.

ಆ ಕ್ಷಣದಲ್ಲಿ ಬಿಟ್ಟುಬಿಡಬಹುದಿತ್ತು. ಮಳೆ, ಮುದ್ದೆ, ಸುಟ್ಟ ಬಟ್ಟೆ, ನೆಪಕ್ಕೆ ಕೊರತೆಯೇ ಇರಲಿಲ್ಲ. ಯಜಮಾನರಿಗೆ ಫೋನ್ ಮಾಡಿದರೆ ಕಾರು ತರುತ್ತಿದ್ದರು. ಬೈಯುತ್ತಲೂ ಇರಲಿಲ್ಲ. "ಹೋಗ್ಲಿ ಬಿಡು" ಎನ್ನುತ್ತಿದ್ದರು. ಆ 'ಹೋಗ್ಲಿ ಬಿಡು' ನನಗೆ ಕೇಳಿಸಿಯೇಬಿಟ್ಟಿತು. ರವಿಕೆಯ ದಿನ ಕೇಳಿಸಿದ್ದ ಅದೇ ದನಿಯಲ್ಲಿ.

"ದೊಡ್ಡಮ್ಮ," ಎಂದೆ, "ಪಿನ್ನು ಇದೆಯಾ?"

ದೊಡ್ಡಮ್ಮನ ಬಳೆಯಲ್ಲಿ ಪಿನ್ನುಗಳ ಗೊಂಚಲೇ ಇತ್ತು. ನೈಟಿಯ ಎದೆಯ ಮೇಲಿನ ಸೂರ್ಯಕಾಂತಿಗೆ ನನ್ನ ನಂಬರು ಚೀಟಿ ಸಿಕ್ಕಿಸಿದರು. ನಾಟಿ ಹಾಕುವಾಗ ಸೀರೆ ಎತ್ತಿ ಕಟ್ಟುವಂತೆ ನೈಟಿಯನ್ನು ಮೊಣಕಾಲಿನ ಮೇಲಕ್ಕೆತ್ತಿ ಹಿಂದಕ್ಕೆ ಕಚ್ಚೆ ಬಿಗಿದರು. "ಈಗ ಗದ್ದೆಗಾದ್ರೂ ಇಳಿ, ಸೈಕಲ್ಲಾದ್ರೂ ಅತ್ತು" ಎಂದರು. ಕುಂಕುಮ ಇಟ್ಟರು. ಹೊಸಿಲು ದಾಟಬೇಕು ಎನ್ನುವಾಗ, "ತಡಿ!" ಎಂದರು.

ಮಡಿಲಕ್ಕಿ! ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಮಡಿಲು ತುಂಬದೆ ಕಳಿಸುವುದುಂಟೇ? ಅಕ್ಕಿ, ಅಚ್ಚು ಬೆಲ್ಲ, ಎಲೆ ಅಡಿಕೆ, ರವಿಕೆ ಕಣ, ಮೇಲೊಂದು ಜುಟ್ಟಿನ ತೆಂಗಿನಕಾಯಿ. ಎಲ್ಲವನ್ನೂ ಟವೆಲ್ಲಿನಲ್ಲಿ ಗಂಟು ಕಟ್ಟಿ ನನ್ನ ಸೊಂಟಕ್ಕೆ ಬಿಗಿದರು. "ದಾರೀಲಿ ಎಲ್ಲೂ ಕೆಳೀಕ್ ಇಕ್ಕಬ್ಯಾಡ" ಎಂದು ಎಚ್ಚರಿಸಿದರು.

ಮೇಲ್ವಿಚಾರಕರು ಕೈ ತೊಳೆದು ಬಂದು ನನ್ನನ್ನು ನೋಡಿದರು. "ಮೇಡಂ, ನೀವು ತಿಂದಿದ್ದು ನಾನು ನೋಡಿಲ್ಲ" ಎಂದರು, "ನಾನು ತಿಂದಿದ್ದು ನೀವು ನೋಡಿಲ್ಲ."

ತಿರುಗುವ ಜಾಗ ಮುಟ್ಟಿ ಬಂದ ಮೇಲೆ ಮಂಡ್ಯದವರೆಗಿನ ದಾರಿಯನ್ನು ನಾನು ವರ್ಣಿಸುವುದಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ತೆಂಗಿನಕಾಯಿ ಹೊಟ್ಟೆಗೆ ಗುದ್ದುತ್ತಿತ್ತು. ಹೊಟ್ಟೆಯೊಳಗಿನಿಂದ ಮುದ್ದೆ ತಿರುಗಿ ಗುದ್ದುತ್ತಿತ್ತು. ನಡುವೆ ಸಿಕ್ಕಿಕೊಂಡವಳು ನಾನು. ಗಂಟಿನೊಳಗೆ ಬೆಲ್ಲ ಕರಗಿ ಲೆಗ್ಗಿಂಗಿಗೆ ಇಳಿಯತೊಡಗಿತು. ಮಳೆಗೆ ಸೂರ್ಯಕಾಂತಿಗಳು ಬಣ್ಣ ಬಿಟ್ಟು ಸೈಕಲ್ಲಿನ ಸೀಟು ಹಳದಿಯಾಯಿತು.

ಮಂಡ್ಯದಲ್ಲಿ ಸೈಕಲ್ಲು ಇಳಿದಾಗ ಕಾಲುಗಳು ನನ್ನವೇ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಗಡುವಿಗೆ ಇನ್ನು ಮೂರು ಗಂಟೆಯೂ ಇರಲಿಲ್ಲ. ನನ್ನ ಓಟಕ್ಕೆ ಮೂರು ಗಂಟೆ ಬೇಕೇಬೇಕು. ಓಡಿದೆ. ಕಬ್ಬಿನ ಗದ್ದೆಗಳ ನಡುವೆ, ನಾಲೆಯ ಏರಿಯ ಮೇಲೆ, ಕಚ್ಚೆ ಕಟ್ಟಿದ ನೈಟಿಯಲ್ಲಿ, ಸೊಂಟದಲ್ಲಿ ಗಂಟಿಟ್ಟುಕೊಂಡು, ಮುಖದ ತುಂಬ ಕುಂಕುಮ ಇಳಿಸಿಕೊಂಡು ಓಡಿದೆ. ನಂಬರು ಚೀಟಿ ನೆನೆದು ಮುದ್ದೆಯಾಗಿ ಎಲ್ಲಿಯೋ ಉದುರಿಹೋಗಿತ್ತು. ಉಳಿದ ಸ್ಪರ್ಧಿಗಳೆಲ್ಲ ಯಾವಾಗಲೋ ಮುಂದೆ ಹೋಗಿದ್ದರು. ಆದ್ದರಿಂದ ನೋಡುವವರ ಕಣ್ಣಿಗೆ ಅಲ್ಲಿ ರೇಸು ಇರಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಓಡುತ್ತಿರುವ ಒಬ್ಬ ಹೆಂಗಸು ಮಾತ್ರ ಇದ್ದಳು!

ಟೀ ಅಂಗಡಿಯ ಸೋಗೆಯ ಕೆಳಗೆ ಕೂತಿದ್ದ ಅಜ್ಜ ಎದ್ದೇಬಿಟ್ಟರು.

"ಲೇ ಮಗಾ, ನಿಂತ್ಕೊ! ಏನೇ ಜಗಳ ಆಗಿದ್ರೂ ಗಂಡನ್ ಮನೆ ಬುಟ್ಟು ಇಂಗೆ ಮಳೇಲಿ ಓಡ್ಬಾರ್ದು ಕಣವ್ವ!"

"ಇಲ್ಲ ತಾತ," ಎಂದೆ ಏದುಸಿರಿನಲ್ಲಿ, "ನಾನು ಗಂಡನ ಹತ್ರಕ್ಕೇ ಓಡ್ತಾ ಇರೋದು!"

ತಾತ ಮತ್ತೆ ಕೂತುಕೊಂಡರು.

"ಅಂಗಾದ್ರೆ ಬಿರ್ನೆ ಓಗು" ಎಂದರು.

ಅದೊಂದೇ ನನಗೆ ಆ ದಿನ ಸಿಕ್ಕ ಪ್ರೋತ್ಸಾಹ. ಬಿರಬಿರನೆ ಹೋದೆ. ಕಬ್ಬಿನ ಗಾಡಿಯವನು "ಅತ್ಕಳಿ ಅಮ್ಮ, ಬುಡ್ತೀನಿ" ಎಂದ. ಎತ್ತುಗಳೂ ನಿಂತು ಕರುಣೆಯಿಂದ ನೋಡಿದವು. ನಾನು ತಲೆಯಾಡಿಸಿದೆ. ಮಂಡಿ ಬೇಡ ಎಂದಿತು. ಹಿಮ್ಮಡಿ ಬೇಡ ಎಂದಿತು. ಎಡಗಡೆಯ ಶೂ ಬಾಯಿಬಿಟ್ಟು ಬೇಡ ಎಂದಿತು. ಯಾರ ಮಾತನ್ನೂ ಕೇಳಲಿಲ್ಲ. ಎಲ್ಲೋ ಒಂದು ಕಡೆ ನಾಲ್ಕರ ರೈಲು ಕೂಗಿದ್ದು ಕೇಳಿಸಿತು. ಅದನ್ನೂ ಕೇಳಿಸಿಕೊಳ್ಳಲಿಲ್ಲ.

ಮೈದಾನ ಮುಟ್ಟಿದಾಗ ಅಲ್ಲಿ ಜನವಿರಲಿಲ್ಲ. ಶಾಮಿಯಾನದವರು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಲಾರಿಗೆ ತುಂಬುತ್ತಿದ್ದರು. ಗುರಿಯ ಗೆರೆಯ ಮೇಲೆ ಗಾಳಿ ತುಂಬಿ ನಿಲ್ಲಿಸಿದ್ದ ದೊಡ್ಡ ಕಮಾನಿನ ಮೋಟರು ಆಫ್ ಮಾಡಿದ್ದರು. ಅದು ಮುದಿ ಆನೆಯಂತೆ ನಿಧಾನವಾಗಿ ಮಂಡಿಯೂರುತ್ತಿತ್ತು. ಅದರ ಒಂದು ಕಾಲನ್ನು ಹಳದಿ ರೈನ್‌ಕೋಟಿನ ಮೇಲ್ವಿಚಾರಕರು ತಬ್ಬಿಕೊಂಡು ನಿಂತಿದ್ದರು. ಇನ್ನೊಂದು ಕಾಲನ್ನು ತಬ್ಬಿಕೊಂಡಿದ್ದವರು ನಮ್ಮ ಯಜಮಾನರು! ಕೊಡೆ ಎಲ್ಲಿಯೋ ಬಿದ್ದಿತ್ತು. ತಲೆಯಿಂದ ನೀರಿಳಿಯುತ್ತಿತ್ತು.

"ಬಿಡಿ ಸಾರ್, ಪ್ಯಾಕ್ ಮಾಡ್ಬೇಕು" ಎಂದು ಕಮಾನಿನವನು ಗೋಗರೆಯುತ್ತಿದ್ದ.

"ಬರ್ತಾಳೆ ಕಣಯ್ಯ! ನನ್ ಹೆಂಡ್ತಿ ನಂಗೊತ್ತಿಲ್ವಾ? ಬಂದೇ ಬರ್ತಾಳೆ!" ಎಂದು ಯಜಮಾನರು ಗದರುತ್ತಿದ್ದರು. ಆಮೇಲೆ ತಿರುಗಿ ನೋಡಿದರು. ನೈಟಿಯನ್ನು ನೋಡಿದರು, ಗಂಟನ್ನು ನೋಡಿದರು. "ಅಗೋ, ಬಂದ್ಲು" ಎಂದರು. ಆ ದನಿ ನಾನು ಕೇಳಿದ್ದ ಯಾವ ಹಳೆಯ ದನಿಯೂ ಆಗಿರಲಿಲ್ಲ.

ಅವರಿಬ್ಬರೂ ಎತ್ತಿ ಹಿಡಿದಿದ್ದ ಕಮಾನಿನ ಕೆಳಗೆ ಬಗ್ಗಿಕೊಂಡು ದಾಟಿದೆ. ದಾಟಿದ ಕೂಡಲೇ ಅದು ಉಸ್ಸೆಂದು ಪೂರ್ತಿ ಮಲಗಿತು. ನಾನೂ ಪಕ್ಕದಲ್ಲಿ ಮಲಗಿದೆ.

ಗಡಿಯಾರ ನೋಡಿಕೊಳ್ಳುವವರು ಬಂದು ಬಹಳ ಸಂಕೋಚದಿಂದ, "ಗಡುವು ಮುಗಿದು ಅರ್ಧ ಗಂಟೆಯಾಯ್ತು ಮೇಡಂ. ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ 'ಮುಗಿಸಿಲ್ಲ' ಅಂತಲೇ ಬರುತ್ತೆ" ಎಂದರು. ಪದಕಗಳ ಡಬ್ಬಿಗೆ ಆಗಲೇ ಟೇಪು ಹಚ್ಚಿದ್ದರಂತೆ. ಅದರ ಬದಲು ಒಂದು ಬಾಳೆಹಣ್ಣು ಕೊಟ್ಟರು. ಮಡಿಲಲ್ಲಿ ಜಾಗವಿತ್ತು, ಇಟ್ಟುಕೊಂಡೆ.

ಕಾರು ಮನೆಯ ಮುಂದೆ ನಿಂತಾಗ ಮಳೆ ನಿಂತಿತ್ತು. ಯಜಮಾನರು ನನ್ನನ್ನು ಹಿಡಿದು ಇಳಿಸುತ್ತಿದ್ದರು. ಪಕ್ಕದ ಮನೆಯ ರತ್ನಮ್ಮ ಕಾಂಪೌಂಡಿನ ಆಚೆ ನಿಂತು ಸೊಪ್ಪು ಬಿಡಿಸುತ್ತಿದ್ದರು.

"ಏನ್ ಸುಮಾ ಅವ್ರೆ, ಬೆಳಗ್ಗಿಂದ ಕಾಣ್ಲೇ ಇಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಎದೆಯುಬ್ಬಿಸಿ ಹೇಳಿದರು: "ಮಳವಳ್ಳಿಯಿಂದ ಬರ್ತಾ ಇದ್ದಾಳೆ ಕಣ್ರೀ! ಅಲ್ಲಿ ಕೆರೆ ಈಜಿ, ಬೆಳಕವಾಡಿ, ಮದ್ದೂರು, ಬೆಸಗರಹಳ್ಳಿ ಅಷ್ಟೂ ಸೈಕಲ್ ತುಳ್ಕೊಂಡು, ಇಲ್ಲಿ ಬಂದ್ಮೇಲೆ ಓಡಿ... ಅಷ್ಟೂ ಮುಗಿಸಿದ್ಲು! ಒಂದ್ ಹೆಜ್ಜೇನೂ ಬಿಡ್ಲಿಲ್ಲ!"

ಆಯಾಸವನ್ನೆಲ್ಲ ಮರೆತು ನಾನು ನೆಟ್ಟಗೆ ನಿಂತೆ. ರತ್ನಮ್ಮ ಸೊಪ್ಪಿನ ಕಡ್ಡಿಯನ್ನು ಆಚೆಗೆ ಎಸೆದು ನನ್ನನ್ನು ನೋಡಿ ಲೊಚಗುಟ್ಟಿದರು.

"ಪಾಪ! ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವೇನ್ರೀ ಈಗ? ಆಧಾರ್ ಕಾರ್ಡ್ ಮರ್ತೋಗಿದ್ರಾ?"